ಬಾರದ ಕಡತ, ಸೊನ್ನೆಯಾದ ಮಳೆ

ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇದೆ ಎಂದಿಟ್ಟುಕೊಳ್ಳಿ. ದಿನವೂ ಬೆಳಗ್ಗೆ 8.30ಕ್ಕೆ, ಅಂದರೆ ಭಾರತೀಯ ಹವಾಮಾನ ಇಲಾಖೆ ಮಳೆಯ ದಿನವನ್ನು ಮುಗಿಸಿ ಎಣಿಸುವ ಹೊತ್ತಿಗೇ, ಎಂಟನೆಯ ತರಗತಿಯ ಮಕ್ಕಳು ಮಾಪಕವನ್ನು ಓದಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನೀವು ಆ ಅಂಕಿಗಳನ್ನು ಗಣಕದಲ್ಲಿ ಒಂದು ಕಡತವಾಗಿ ಉಳಿಸುತ್ತೀರಿ. ಅದನ್ನು ಓದಿ ಕಂಬದ ನಕ್ಷೆ ಬಿಡಿಸುವ, ಸರಾಸರಿ ತೋರಿಸುವ ಜಾಲಪುಟವೊಂದನ್ನೂ ಸಿದ್ಧಪಡಿಸುತ್ತೀರಿ. ಮನೆಯಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ಮರುದಿನ ಪೆನ್ ಡ್ರೈವ್‌ನಲ್ಲಿ ತಂದು ಶಾಲೆಯ ಗಣಕದಲ್ಲಿ ತೆರೆದರೆ ಶೀರ್ಷಿಕೆ ಇದೆ, ನಕ್ಷೆಯ ಚೌಕಟ್ಟು ಇದೆ, ಕಂಬಗಳಿಲ್ಲ. ಕೆಳಗೆ 'ಈ ವಾರದ ಒಟ್ಟು ಮಳೆ: 0 ಮಿ.ಮೀ.' ಎಂದಿದೆ. ಕಿಟಕಿಯ ಹೊರಗೆ ಮಳೆ ಸುರಿಯುತ್ತಿದೆ!

ಇಂಥ ಒಂದು ಪುಟವನ್ನು ಶಿಕ್ಷಕರ ತರಬೇತಿಯೊಂದರಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ಪುಟ ಮಾಡಿದವರು ಬೆವರುತ್ತ ನಿಂತಿದ್ದರು. ತಪ್ಪು ಅವರದಾಗಿರಲಿಲ್ಲ. ಅವರು ಕಲಿತ ಪಾಠದಲ್ಲಿ ಕಡತವನ್ನು ತರುವುದು ಹೇಗೆ ಎಂದಿತ್ತು. ಕಡತ ಬಾರದಿದ್ದರೆ ಏನು ಮಾಡಬೇಕು ಎಂಬುದು ಇರಲಿಲ್ಲ.

ಹೊರಗಿನ ದತ್ತಾಂಶ ಕಡತವನ್ನು ಸ್ಕ್ರಿಪ್ಟ್ ಮೂಲಕ ಜಾಲಪುಟಕ್ಕೆ ತುಂಬುವ ವಿಧಾನಗಳನ್ನು ಈ ಲೇಖನದಲ್ಲಿ ವಿಮರ್ಶೆಗೆ ಒಡ್ಡೋಣ. ಯಾವ ವಿಧಾನ ವೇಗವಾದದ್ದು, ಯಾವುದು ಹೊಸತು ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ನಾವು ಬೇರೊಂದು ಅಳತೆಗೋಲನ್ನು ಹಿಡಿಯೋಣ. ದತ್ತಾಂಶ ಬಾರದಿದ್ದಾಗ ಪುಟವು ಓದುಗರಿಗೆ ನಿಜ ಹೇಳುತ್ತದೆಯೆ? 'ಮಳೆ ಬಿದ್ದಿಲ್ಲ' ಎಂಬುದಕ್ಕೂ 'ಮಳೆಯ ಲೆಕ್ಕ ಸಿಕ್ಕಿಲ್ಲ' ಎಂಬುದಕ್ಕೂ ಅಜಗಜಾಂತರವಿದೆ. ವಿಜ್ಞಾನ ಕಲಿಸುವ ಪುಟ ಇವೆರಡನ್ನು ಒಂದು ಮಾಡಿದರೆ ಅದು ಸುಳ್ಳನ್ನೇ ಕಲಿಸಿದಂತೆ.

ಸ್ವಲ್ಪ ಹಿನ್ನೆಲೆ

ಮೊದಮೊದಲು ಜಾಲಪುಟ ಎಂದರೆ ಅಚ್ಚಾದ ಹಾಳೆಯಂತೆ. ಸರ್ವರ್ ಕಳುಹಿಸಿದ್ದನ್ನು ಬ್ರೌಸರ್ ತೋರಿಸುತ್ತಿತ್ತು. ಒಂದು ಅಂಕಿ ಬದಲಾದರೂ ಇಡೀ ಪುಟವನ್ನು ಮತ್ತೆ ತರಿಸಬೇಕಿತ್ತು. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಬಂದಿತು. ಪುಟದೊಳಗೆ ಚಿಕ್ಕಪುಟ್ಟ ಲೆಕ್ಕ ಮಾಡಲು ಸಾಧ್ಯವಾಯಿತು. ಆದರೆ ಪುಟ ತೆರೆದ ಮೇಲೆ ಹೊರಗಿನಿಂದ ಹೊಸ ದತ್ತಾಂಶ ತರುವ ಸರಿಯಾದ ದಾರಿ ಇರಲಿಲ್ಲ.

1999ರಲ್ಲಿ ಮೈಕ್ರೋಸಾಫ್ಟ್ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಈ ದಾರಿಯನ್ನು ತೆರೆಯಿತು. ಔಟ್‌ಲುಕ್ ಅಂಚೆಯನ್ನು ಬ್ರೌಸರಿನಲ್ಲಿ ತೋರಿಸುವ ಕೆಲಸಕ್ಕಾಗಿ ಹುಟ್ಟಿದ ಸೌಲಭ್ಯ ಅದು. ಮುಂದೆ ಮೊಜಿಲ್ಲಾ ಮೊದಲಾದ ಬ್ರೌಸರುಗಳೂ ಅದನ್ನು ಅಳವಡಿಸಿಕೊಂಡವು. ಅದಕ್ಕೆ ನಿಂತ ಹೆಸರು 'ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್'. ಹೆಸರಿನಲ್ಲಿ ಎಕ್ಸ್‌ಎಂಎಲ್ ಇದ್ದರೂ ಅದರಿಂದ ಯಾವ ಪಠ್ಯವನ್ನಾದರೂ ತರಬಹುದು. ಹೆಸರನ್ನು ನೋಡಿ ಕೆಲಸವನ್ನು ಊಹಿಸಬೇಡಿ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

2004ರ ಜೀಮೇಲ್ ಮತ್ತು 2005ರ ಗೂಗಲ್ ನಕ್ಷೆಗಳು ಈ ತಂತ್ರದ ಶಕ್ತಿಯನ್ನು ಜಗತ್ತಿಗೆ ತೋರಿಸಿದವು. 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ 'ಏಜಾಕ್ಸ್' ಎಂದು ಹೆಸರಿಟ್ಟರು. ಡಗ್ಲಾಸ್ ಕ್ರಾಕ್‌ಫರ್ಡ್ ಪ್ರಚುರಪಡಿಸಿದ 'ಜೇಸನ್' ಎಂಬ ಸರಳ ಬರವಣಿಗೆಯ ಕ್ರಮವು ಬೇಗನೆ ಎಕ್ಸ್‌ಎಂಎಲ್‌ನ ಸ್ಥಾನವನ್ನು ಆಕ್ರಮಿಸಿತು. 2006ರಲ್ಲಿ ಬಂದ ಜೆಕ್ವೆರಿ ಸಂಗ್ರಹವು ಹಲವು ಸಾಲುಗಳ ಕೆಲಸವನ್ನು ಒಂದೇ ಸಾಲಿಗೆ ಇಳಿಸಿತು. 2015ರಿಂದ ಬ್ರೌಸರುಗಳಲ್ಲಿ 'ಫೆಚ್' ಎಂಬ ಹೊಸ ಸೌಲಭ್ಯ ಬಂದಿದೆ. ಇಂದು ಹೊಸದಾಗಿ ಕಲಿಯುವವರು ಹೆಚ್ಚಾಗಿ ಅದನ್ನೇ ಕಲಿಯುತ್ತಾರೆ.

ಮೆಚ್ಚಬೇಕಾದದ್ದು

ದೋಷ ಎಣಿಸುವ ಮೊದಲು ಗುಣವನ್ನು ಹೇಳಿಬಿಡೋಣ. ದತ್ತಾಂಶ ಬೇರೆ, ಅದನ್ನು ತೋರಿಸುವ ಪುಟ ಬೇರೆ ಎಂಬುದು ಒಳ್ಳೆಯ ವಿಚಾರ. ಮೂಲವಸ್ತುಗಳ ಆವರ್ತ ಕೋಷ್ಟಕದ ಪುಟವನ್ನೇ ನೋಡಿ. 2016ರ ನವೆಂಬರ್ 28ರಂದು 113, 115, 117 ಮತ್ತು 118ನೆಯ ಮೂಲವಸ್ತುಗಳಿಗೆ ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸ್ಸೀನ್, ಒಗನೆಸ್ಸಾನ್ ಎಂಬ ಹೆಸರುಗಳು ಅಧಿಕೃತವಾದವು. ಕೋಷ್ಟಕವನ್ನು ಪುಟದೊಳಗೇ ಬರೆದಿದ್ದವರು ಎಲ್ಲೆಲ್ಲಿ ಹಳೆಯ ಹೆಸರಿದೆ ಎಂದು ಹುಡುಕಿ ತಿದ್ದಬೇಕಾಯಿತು. ಹೊರಗಿನ ಕಡತದಲ್ಲಿ ಇಟ್ಟಿದ್ದವರು ನಾಲ್ಕು ಸಾಲು ತಿದ್ದಿದರೆ ಸಾಕಾಯಿತು. ಅದೇ ಕಡತವನ್ನು ಓದುವ ಕೋಷ್ಟಕ, ರಸಪ್ರಶ್ನೆ, ಅಭ್ಯಾಸ ಹಾಳೆ ಎಲ್ಲವೂ ಒಟ್ಟಿಗೆ ಸರಿಹೋದವು.

ಇನ್ನೊಂದು ಲಾಭ ತರಗತಿಗೆ ಸಂಬಂಧಿಸಿದ್ದು. ಕಡತ ಪ್ರತ್ಯೇಕವಾಗಿದ್ದರೆ ಮಕ್ಕಳು ಅದನ್ನು ತೆರೆದು ನೋಡಬಹುದು. ನಕ್ಷೆಯ ಹಿಂದಿರುವ ಅಂಕಿಗಳನ್ನು ತಾವೇ ಕೂಡಿ ಪರೀಕ್ಷಿಸಬಹುದು. ಪ್ರಯೋಗದ ಫಲಿತಾಂಶದೊಂದಿಗೆ ಮೂಲ ಅಳತೆಗಳನ್ನೂ ಕೊಡಬೇಕೆಂದು ನಾವು ಹೇಳಿಕೊಡುವುದಿಲ್ಲವೆ? ಇದೂ ಅಂಥದೇ ಶಿಸ್ತು.

ಹಾಗೆಂದು ಎಲ್ಲಕ್ಕೂ ಈ ತಂತ್ರ ಬೇಕಿಲ್ಲ. ಹತ್ತು ಸಾಲಿನ, ವರ್ಷಗಟ್ಟಲೆ ಬದಲಾಗದ ಪಟ್ಟಿಯನ್ನು ಪುಟದಲ್ಲಿಯೇ ಬರೆದುಬಿಡುವುದು ಲೇಸು. ಸ್ಕ್ರಿಪ್ಟ್ ಓಡದಿದ್ದರೂ ಅದು ಕಾಣುತ್ತದೆ, ಮುದ್ರಿಸಲು ಬರುತ್ತದೆ, ಕೆಡಲು ಅಲ್ಲಿ ಏನೂ ಇಲ್ಲ.

ಹುಡುಗ ಮರಳಿ ಬಂದ, ಪುಸ್ತಕ ಬರಲಿಲ್ಲ

ಮೊದಲ ತಕರಾರು ಕಾಯುವಿಕೆಗೆ ಸಂಬಂಧಿಸಿದ್ದು. ತರಗತಿಯಲ್ಲಿ ಪಾಠ ಮಾಡುತ್ತ ನೀವು ಹಾಜರಿ ಪುಸ್ತಕ ತರಲು ಒಬ್ಬ ಹುಡುಗನನ್ನು ಕಚೇರಿಗೆ ಕಳುಹಿಸುತ್ತೀರಿ. ಅವನು ಬರುವವರೆಗೂ ಬಾಯಿ ಮುಚ್ಚಿ ನಿಲ್ಲುವುದಿಲ್ಲ, ಪಾಠ ಮುಂದುವರಿಯುತ್ತದೆ. ಬ್ರೌಸರ್ ಮಾಡುವುದೂ ಇದನ್ನೇ. ಕಡತಕ್ಕೆ ಕೋರಿಕೆ ಕಳುಹಿಸಿ ಮುಂದಿನ ಸಾಲಿಗೆ ಹೋಗುತ್ತದೆ. ಕಾಯುತ್ತ ನಿಂತರೆ ಇಡೀ ಪುಟ ಮರಗಟ್ಟಿ, ಮೌಸ್ ಕ್ಲಿಕ್ಕಿಸಿದರೂ ಸ್ಪಂದಿಸದು. ಆದ್ದರಿಂದ ಈ ಏರ್ಪಾಡು ಸರಿಯಾದುದೇ.

ಆದರೆ ಕಲಿಯುವವರು ಎಡವುವುದು ಇಲ್ಲಿಯೇ. ಅವರು ಮೊದಲ ಸಾಲಿನಲ್ಲಿ ಕಡತ ತರಿಸಿ, ಎರಡನೆಯ ಸಾಲಿನಲ್ಲಿ ಮೊತ್ತವನ್ನು ಬರೆಯುತ್ತಾರೆ. ಎರಡನೆಯ ಸಾಲು ಓಡುವಾಗ ಕಡತ ಇನ್ನೂ ದಾರಿಯಲ್ಲಿದೆ. ಮೊತ್ತವನ್ನು ಸೊನ್ನೆಯಿಂದ ಆರಂಭಿಸಿದ್ದರೆ ಪರದೆಯ ಮೇಲೆ ಸೊನ್ನೆ ಕಾಣುತ್ತದೆ. ಲೆಕ್ಕವನ್ನು ಕಡತ ಕೈಸೇರಿದ ಮೇಲೆ ನಡೆಯುವ ಭಾಗದಲ್ಲಿ ಬರೆಯಬೇಕು. ಅಲ್ಲಿಯವರೆಗೆ ಆ ಜಾಗದಲ್ಲಿ 'ದತ್ತಾಂಶ ಬರುತ್ತಿದೆ' ಎಂಬ ಮಾತು ಇರಬೇಕೇ ಹೊರತು ಸೊನ್ನೆ ಇರಬಾರದು.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಹುಡುಗ ಕಚೇರಿಯಿಂದ ಮರಳಿ ಬಂದು 'ಪುಸ್ತಕ ಅಲ್ಲಿಲ್ಲವಂತೆ ಸಾರ್' ಎನ್ನುತ್ತಾನೆ. ಕೆಲಸ ಆಯಿತೆ? ಫೆಚ್‌ನ ಲೆಕ್ಕದಲ್ಲಿ ಆಯಿತು! ಸರ್ವರ್ 'ಕಡತ ಸಿಗಲಿಲ್ಲ' ಎಂಬ 404 ಉತ್ತರವನ್ನು ಕಳುಹಿಸಿದರೂ ಫೆಚ್ ಅದನ್ನು ಸೋಲು ಎಂದು ಎಣಿಸುವುದಿಲ್ಲ. ಹುಡುಗ ದಾರಿಯಲ್ಲೇ ಕಳೆದುಹೋದರೆ, ಅಂದರೆ ಸಂಪರ್ಕವೇ ಕಡಿದರೆ, ಮಾತ್ರ ಅದು ಸೋಲು. ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಕೋರಿಕೆ ಮುಟ್ಟಿತು, ಉತ್ತರ ಬಂತು. ಉತ್ತರದ ಒಳ್ಳೆಯದು ಕೆಟ್ಟದ್ದನ್ನು ನೋಡುವುದು ಕೇಳಿದವರ ಕೆಲಸ ಎಂಬುದು ಆ ವಾದ. ವಾದ ತಾರ್ಕಿಕವಾಗಿದೆ, ಒಪ್ಪೋಣ. ಆದರೆ ಹೊಸಬರು ಅದನ್ನು ಊಹಿಸಲಾರರು. ಅವರ ಕ್ರಮವಿಧಿ 'ಸಿಗಲಿಲ್ಲ' ಎಂಬ ಸಂದೇಶದ ಪುಟವನ್ನೇ ಮಳೆಯ ಕಡತವೆಂದು ತಿಳಿದು ಸಾಲು ಸಾಲಾಗಿ ಒಡೆಯಲು ಹೊರಡುತ್ತದೆ.

ಪರಿಹಾರ ಒಂದೇ ಸಾಲಿನದು. ಬಂದ ಉತ್ತರದ ಜೊತೆ 'ಓಕೆ' ಎಂಬ ಗುಣವೊಂದು ಇರುತ್ತದೆ. ಸ್ಥಿತಿಸಂಖ್ಯೆ 200ರಿಂದ 299ರ ಒಳಗಿದ್ದರೆ ಮಾತ್ರ ಅದು ನಿಜ. ಅದನ್ನು ಪರೀಕ್ಷಿಸಿ ಮುಂದುವರಿಯಬೇಕು. ಈ ಒಂದು ಸಾಲನ್ನು ಎಷ್ಟೋ ಪಾಠಗಳು 'ಸರಳವಾಗಿರಲಿ' ಎಂದು ಬಿಟ್ಟುಬಿಡುತ್ತವೆ. ವಿದ್ಯುತ್ ಮಂಡಲದ ಪಾಠದಲ್ಲಿ ಫ್ಯೂಸನ್ನು ಬಿಟ್ಟು ಚಿತ್ರ ಬರೆದಂತೆ ಇದು. ಹಳೆಯ ಜೆಕ್ವೆರಿಯೂ ಈ ವಿಷಯದಲ್ಲಿ ಮೇಲೇನಲ್ಲ. ಜೇಸನ್ ಕಡತದಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೆ ಅದರ ಸರಳ ಆದೇಶ ಸದ್ದಿಲ್ಲದೆ ಸೋಲುತ್ತಿತ್ತು. ಸೋಲನ್ನು ತಿಳಿಸುವ ಭಾಗವನ್ನು ನಾವೇ ಜೋಡಿಸಬೇಕಿತ್ತು.

ಖಾಲಿ ಮನೆ ಸೊನ್ನೆಯಾದಾಗ

ಕಡತ ಸರಿಯಾಗಿ ಬಂತು ಎನ್ನಿ. ಅಷ್ಟಕ್ಕೆ ಅಪಾಯ ಮುಗಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಇಲ್ಲಿದೆ, ಏಕೆಂದರೆ ಇಲ್ಲಿ ಪುಟ ಖಾಲಿಯಾಗಿ ಕಾಣುವುದಿಲ್ಲ. ತುಂಬಿಕೊಂಡೇ ತಪ್ಪು ಹೇಳುತ್ತದೆ.

ನಮ್ಮ ಮಳೆ ಕಡತ ಸಿಎಸ್‌ವಿ ಮಾದರಿಯದು. ಅಂದರೆ ಒಂದು ಸಾಲಿಗೆ ಒಂದು ದಿನ, ಮನೆಗಳ ನಡುವೆ ಅಲ್ಪವಿರಾಮ. ಒಂದು ವಾರದ ಅಂಕಿಗಳು ಹೀಗಿವೆ: ಸೋಮವಾರ 12 ಮಿ.ಮೀ., ಮಂಗಳವಾರ 8, ಗುರುವಾರ 15, ಶುಕ್ರವಾರ 0, ಭಾನುವಾರ 10. ಬುಧವಾರ ಚೆಂಡು ಬಡಿದು ಮಾಪಕ ಉರುಳಿ ನೀರು ಚೆಲ್ಲಿಹೋಯಿತು. ಶನಿವಾರ ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡು ನೀರು ಹೊರಗೆ ಹರಿಯಿತು. ಮಕ್ಕಳು ಪ್ರಾಮಾಣಿಕರು, ಆ ಎರಡು ದಿನಗಳ ಮನೆಯನ್ನು ಖಾಲಿ ಬಿಟ್ಟರು. ಶುಕ್ರವಾರ ನಿಜವಾಗಿಯೂ ಮಳೆ ಇರಲಿಲ್ಲ. ಅಲ್ಲಿ ಸೊನ್ನೆ ಬರೆದರು.

ಕಡತದಿಂದ ಬರುವುದೆಲ್ಲ ಬರಿಯ ಅಕ್ಷರಗಳು. ಅವನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು. ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕೆ 'ನಂಬರ್' ಎಂಬ ಆದೇಶವಿದೆ. ಖಾಲಿ ಅಕ್ಷರಮಾಲೆಯನ್ನು ಅದಕ್ಕೆ ಕೊಟ್ಟರೆ ಏನು ಸಿಗುತ್ತದೆ ಗೊತ್ತೆ? ಸೊನ್ನೆ! ಖಾಲಿ ಜಾಗ ಮಾತ್ರ ಇರುವ ಮನೆಗೂ ಸೊನ್ನೆ. ದೋಷದ ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. ಮಕ್ಕಳು ಜಾಗರೂಕತೆಯಿಂದ ಉಳಿಸಿಕೊಂಡಿದ್ದ ಭೇದವನ್ನು ಯಂತ್ರ ಒಂದೇ ಕ್ಷಣದಲ್ಲಿ ಅಳಿಸಿಹಾಕಿತು.

ಲೆಕ್ಕ ಹಾಕಿ ನೋಡಿ. ಅಳತೆ ಸಿಕ್ಕ ಐದು ದಿನಗಳ ಮೊತ್ತ 45 ಮಿ.ಮೀ., ಸರಾಸರಿ ದಿನಕ್ಕೆ 9 ಮಿ.ಮೀ. ಖಾಲಿ ಮನೆಗಳನ್ನು ಸೊನ್ನೆಯೆಂದು ಎಣಿಸಿ ಏಳರಿಂದ ಭಾಗಿಸಿದರೆ ಸುಮಾರು 6.4 ಮಿ.ಮೀ. ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮಳೆ ಕಾಗದದ ಮೇಲೆ ಆವಿಯಾಯಿತು. ಉಷ್ಣತೆಯ ಕಡತದಲ್ಲಿ ಹೀಗಾಗಿದ್ದರೆ ಬೇಗ ಗೊತ್ತಾಗುತ್ತಿತ್ತು. ನಮ್ಮ ಬಯಲುಸೀಮೆಯ ಮಧ್ಯಾಹ್ನ ಸೊನ್ನೆ ಡಿಗ್ರಿ ಎಂದರೆ ಯಾರೂ ನಂಬರು. ಆದರೆ ಸೊನ್ನೆ ಮಳೆ ಎಂಬುದು ತೀರ ಸಹಜ. ನಂಬುವಂತಿರುವ ತಪ್ಪೇ ಹೆಚ್ಚು ಅಪಾಯಕಾರಿ.

ಇಲ್ಲಿ ಇನ್ನೊಂದು ಮಾತು. ರಜೆಯ ದಿನ ಮಾಪಕವನ್ನು ಯಾರೂ ಓದದಿದ್ದರೆ ಅಂದಿನ ನೀರು ಮಾಪಕದಲ್ಲೇ ನಿಂತು ಮರುದಿನದ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಆ ಖಾಲಿ ಮನೆಯ ಅರ್ಥ ಬೇರೆ, ಮಾಪಕ ಉರುಳಿದ ದಿನದ ಖಾಲಿ ಮನೆಯ ಅರ್ಥ ಬೇರೆ. ಮೊದಲನೆಯದರಲ್ಲಿ ಎರಡು ದಿನಗಳ ಮೊತ್ತ ನಮ್ಮ ಬಳಿ ಇದೆ. ಎರಡನೆಯದರಲ್ಲಿ ಅಳತೆ ಶಾಶ್ವತವಾಗಿ ಹೋಯಿತು. ಕಡತದಲ್ಲಿ 'ಷರಾ' ಎಂಬ ಒಂದು ಕಂಬಸಾಲನ್ನು ಇಟ್ಟು ಕಾರಣ ಬರೆಯುವುದು ಇದಕ್ಕೆ ಮದ್ದು. ಯಾವ ಸ್ಕ್ರಿಪ್ಟೂ ಈ ಕಾರಣವನ್ನು ತಾನಾಗಿ ಕಂಡುಹಿಡಿಯಲಾರದು.

'ನಂಬರ್' ಬಿಟ್ಟು 'ಪಾರ್ಸ್‌ಫ್ಲೋಟ್' ಎಂಬ ಇನ್ನೊಂದು ಆದೇಶವನ್ನು ಬಳಸೋಣವೆ? ಅದು ಖಾಲಿ ಮನೆಗೆ 'ಸಂಖ್ಯೆಯಲ್ಲ' ಎಂಬ ವಿಶೇಷ ಬೆಲೆಯನ್ನು ಕೊಡುತ್ತದೆ. ಒಳ್ಳೆಯದು. ಆದರೆ ಯಾರಾದರೂ ಸಾವಿರದ ಇನ್ನೂರೈವತ್ತನ್ನು ನಡುವೆ ಅಲ್ಪವಿರಾಮ ಹಾಕಿ 1,250 ಎಂದು ಬರೆದಿದ್ದರೆ ಅದು ಅಲ್ಪವಿರಾಮದವರೆಗೆ ಓದಿ ನಿಲ್ಲುತ್ತದೆ, ಉತ್ತರ 1. ಇದೂ ಸದ್ದಿಲ್ಲದ ತಪ್ಪೇ. ಕನ್ನಡ ಅಂಕಿಗಳಲ್ಲಿ ೧೨ ಎಂದು ಬರೆದಿದ್ದರೆ ಎರಡು ಆದೇಶಗಳೂ 'ಸಂಖ್ಯೆಯಲ್ಲ' ಎನ್ನುತ್ತವೆ. ಕನ್ನಡದ ಅಂಕಿಯನ್ನು ಸಂಖ್ಯೆಯೆಂದು ಒಪ್ಪದಿರುವುದು ಬೇಸರದ ಸಂಗತಿಯಾದರೂ ಇಲ್ಲಿ ಯಂತ್ರ ಕನಿಷ್ಠ ಪಕ್ಷ ತನಗೆ ತಿಳಿಯಲಿಲ್ಲ ಎಂದು ಹೇಳುತ್ತದೆ!

ಜೇಸನ್ ಈ ವಿಷಯದಲ್ಲಿ ಸಿಎಸ್‌ವಿಗಿಂತ ಮೇಲು. ಅದರಲ್ಲಿ ಸಂಖ್ಯೆಗೂ ಅಕ್ಷರಕ್ಕೂ ಬೇರೆ ಬೇರೆ ಗುರುತು ಇದೆ. 'ಬೆಲೆ ಇಲ್ಲ' ಎಂದು ಹೇಳಲು 'ನಲ್' ಎಂಬ ಪದವೇ ಇದೆ. ಆದರೆ ಪೂರ್ಣ ನೆಮ್ಮದಿ ಅಲ್ಲಿಯೂ ಇಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಐದಕ್ಕೆ ನಲ್ ಕೂಡಿಸಿದರೆ ಐದೇ ಬರುತ್ತದೆ. ಕೂಡುವ ಮೊದಲು 'ಇದು ಇದೆಯೆ?' ಎಂದು ಪ್ರತಿ ಬೆಲೆಯನ್ನೂ ಕೇಳಿ, ಇರುವುದನ್ನು ಮಾತ್ರ ಕೂಡಿ, ಎಷ್ಟು ದಿನಗಳ ಅಳತೆ ಸಿಕ್ಕಿತು ಎಂಬುದನ್ನೂ ಪುಟದಲ್ಲಿ ಬರೆಯಬೇಕು. 'ಸರಾಸರಿ 9 ಮಿ.ಮೀ. (7ರಲ್ಲಿ 5 ದಿನಗಳ ಅಳತೆ)' ಎಂಬುದು ವಿಜ್ಞಾನದ ಭಾಷೆ.

ಎಂಜಿನಿಯರುಗಳು ಕಂಡುಕೊಂಡ ಜೀವಂತ ಸೊನ್ನೆ

ಈ ಸಮಸ್ಯೆ ಗಣಕಕ್ಕೆ ಹೊಸತು, ಉಪಕರಣಗಳ ಲೋಕಕ್ಕೆ ಹಳೆಯದು. ಪ್ರಯೋಗಶಾಲೆಯ ವೋಲ್ಟ್‌ಮೀಟರಿನ ಒಂದು ತಂತಿ ಕಳಚಿದರೆ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ವಿಭವಾಂತರ ಸೊನ್ನೆ ಇದ್ದರೂ ಮುಳ್ಳು ಅಲ್ಲಿಯೇ. ಮುಳ್ಳನ್ನು ನೋಡಿ ಯಾವುದು ನಿಜ ಎಂದು ಹೇಳಲಾಗದು.

ದೊಡ್ಡ ಕಾರ್ಖಾನೆಗಳಲ್ಲಿ ಒತ್ತಡ, ಉಷ್ಣತೆ, ನೀರಿನ ಮಟ್ಟ ಇವುಗಳ ಅಳತೆಯನ್ನು ದೂರದ ನಿಯಂತ್ರಣ ಕೊಠಡಿಗೆ ವಿದ್ಯುತ್ ಪ್ರವಾಹದ ಮೂಲಕ ಕಳುಹಿಸುತ್ತಾರೆ. ಅಲ್ಲಿ ಬಳಕೆಯಲ್ಲಿರುವ ಪ್ರಸಿದ್ಧ ಕ್ರಮ 4ರಿಂದ 20 ಮಿಲಿಆಂಪಿಯರ್. ಅಳತೆ ಸೊನ್ನೆ ಇದ್ದರೆ 4 ಮಿಲಿಆಂಪಿಯರ್, ಗರಿಷ್ಠ ಇದ್ದರೆ 20. ಸೊನ್ನೆಗೆ ಸೊನ್ನೆ ಪ್ರವಾಹವನ್ನೇ ಏಕೆ ಇಡಲಿಲ್ಲ? ತಂತಿ ಕಡಿದಾಗ ಪ್ರವಾಹ ಸೊನ್ನೆಯಾಗುತ್ತದೆ. ಆಗ 'ಅಳತೆ ಸೊನ್ನೆ' ಎಂದು ಯಾರೂ ಮೋಸಹೋಗಬಾರದು ಎಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಇದನ್ನು 'ಜೀವಂತ ಸೊನ್ನೆ' ಎನ್ನುತ್ತಾರೆ. ತೊಟ್ಟಿ ಖಾಲಿ ಎಂಬ ಸುದ್ದಿ ಬೇರೆ, ಸುದ್ದಿ ತರುವ ತಂತಿಯೇ ಕಡಿದಿದೆ ಎಂಬುದು ಬೇರೆ ಎಂದು ಅಲ್ಲಿಯ ಯಂತ್ರಕ್ಕೆ ಗೊತ್ತು.

ನಮ್ಮ ಜಾಲಪುಟಗಳಿಗೆ ಬೇಕಾದದ್ದು ಇಂಥ ಜೀವಂತ ಸೊನ್ನೆ. ಬ್ರೌಸರ್ ಅದನ್ನು ತಾನಾಗಿ ಕೊಡುವುದಿಲ್ಲ. ಪುಟ ಬರೆಯುವವರೇ ಕಟ್ಟಬೇಕು.

ಎರಡು ಬಾರಿ ಕ್ಲಿಕ್ಕಿಸಿದರೆ ಬಾರದ ದತ್ತಾಂಶ

ಈಗ ಆರಂಭದ ಪ್ರಶ್ನೆಗೆ ಮರಳೋಣ. ಮನೆಯಲ್ಲಿ ಓಡಿದ ಪುಟ ಶಾಲೆಯಲ್ಲಿ ಏಕೆ ಸೊರಗಿತು? ಮನೆಯಲ್ಲಿ ಆ ಶಿಕ್ಷಕರು ಸಂಪಾದಕ ತಂತ್ರಾಂಶದ ಜೊತೆ ಬಂದ ಪುಟ್ಟ ಸರ್ವರಿನ ಮೂಲಕ ಪುಟವನ್ನು ನೋಡಿದ್ದರು. ಶಾಲೆಯಲ್ಲಿ ಪೆನ್ ಡ್ರೈವ್‌ನಲ್ಲಿದ್ದ ಕಡತವನ್ನು ನೇರವಾಗಿ ಎರಡು ಬಾರಿ ಕ್ಲಿಕ್ಕಿಸಿ ತೆರೆದರು. ಹಾಗೆ ತೆರೆದ ಪುಟವು ಪಕ್ಕದಲ್ಲಿಯೇ ಇರುವ ಇನ್ನೊಂದು ಕಡತವನ್ನು ಫೆಚ್ ಮೂಲಕ ಓದಲು ಇಂದಿನ ಬ್ರೌಸರುಗಳು ಬಿಡುವುದಿಲ್ಲ.

ಇದರ ಹಿಂದೆ 'ಸಮಾನ ಮೂಲ ನಿಯಮ' ಇದೆ. ಒಂದು ತಾಣದಿಂದ ಬಂದ ಸ್ಕ್ರಿಪ್ಟ್ ಇನ್ನೊಂದು ತಾಣದ ದತ್ತಾಂಶವನ್ನು ಅನುಮತಿಯಿಲ್ಲದೆ ಓದಬಾರದು ಎಂಬುದು ಅದರ ತಿರುಳು. ನೆಟ್‌ಸ್ಕೇಪ್ ಕಾಲದಿಂದಲೂ ಇರುವ ಈ ನಿಯಮ ನಮ್ಮ ಬ್ಯಾಂಕ್ ಖಾತೆಯನ್ನೂ ಅಂಚೆಯನ್ನೂ ಕಾಯುತ್ತಿದೆ. ಗಣಕದೊಳಗಿನ ಕಡತಗಳ ವಿಷಯದಲ್ಲಿ ಕ್ರೋಮ್ ಮೊದಲಿನಿಂದ ಬಿಗಿಯಾಗಿತ್ತು. ಫೈರ್‌ಫಾಕ್ಸ್ ಒಂದೇ ಕಡತಕೋಶದಲ್ಲಿದ್ದ ಕಡತಗಳನ್ನು ಓದಲು ಬಿಡುತ್ತಿತ್ತು. 2019ರ ಜುಲೈಯಲ್ಲಿ ಬಂದ 68ನೆಯ ಆವೃತ್ತಿಯಿಂದ ಅದೂ ಬಾಗಿಲು ಮುಚ್ಚಿತು. ಕಾರಣ ಸರಿಯಾದುದೇ. ಅಂತರಜಾಲದಿಂದ ಇಳಿಸಿಕೊಂಡ ಯಾವುದೋ ಪುಟವನ್ನು ನೀವು ತೆರೆದಿರಿ ಎನ್ನಿ. ಅದೇ ಕಡತಕೋಶದಲ್ಲಿ ನಿಮ್ಮ ವೇತನದ ಚೀಟಿ, ಗುರುತಿನ ಪತ್ರ ಎಲ್ಲ ಇವೆ. ಆ ಪುಟ ಅವನ್ನೆಲ್ಲ ಓದಿ ಹೊರಗೆ ಸಾಗಿಸಿದರೆ?

ಹಾಗಾಗಿ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಅದು ಮೌನವಾಗಿ ಜಾರಿಯಾಗುವುದರ ಬಗ್ಗೆ ಇದೆ. ತಡೆದೆ ಎಂಬ ಸಂದೇಶವನ್ನು ಬ್ರೌಸರ್ ಪುಟದ ಮೇಲೆ ತೋರಿಸುವುದಿಲ್ಲ. ಎಫ್12 ಕೀಲಿಯನ್ನು ಒತ್ತಿ ತೆರೆಯುವ, ತಂತ್ರಜ್ಞರಷ್ಟೇ ನೋಡುವ ಕನ್ಸೋಲಿನಲ್ಲಿ ಕೆಂಪು ಅಕ್ಷರಗಳಲ್ಲಿ ಬರೆದಿಡುತ್ತದೆ. ಶಿಕ್ಷಕರ ಮುಂದೆ ಉಳಿಯುವುದು ಖಾಲಿ ಚೌಕಟ್ಟು. ಸರ್ವರ್ ಇಟ್ಟುಕೊಂಡವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಳೆದ ತಂತ್ರವಿದು. ಜಾಲಸಂಪರ್ಕವಿಲ್ಲದ, ಪೆನ್ ಡ್ರೈವ್ ನಂಬಿದ ತರಗತಿ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ದಾರಿಗಳು ಮೂರಿವೆ. ಒಂದು, ದತ್ತಾಂಶವನ್ನೇ ಒಂದು ಸ್ಕ್ರಿಪ್ಟ್ ಕಡತವಾಗಿ ಬರೆದು, ಚಿತ್ರವನ್ನು ಸೇರಿಸುವಂತೆ ಪುಟಕ್ಕೆ ಸೇರಿಸುವುದು. ಸ್ಕ್ರಿಪ್ಟ್ ಸೇರಿಸಲು ಮೇಲಿನ ತಡೆ ಇಲ್ಲ. ಎರಡು ಬಾರಿ ಕ್ಲಿಕ್ಕಿಸಿದರೂ ಓಡುತ್ತದೆ. ಆದರೆ ಎಚ್ಚರ: ಹಾಗೆ ಸೇರಿಸಿದ್ದನ್ನು ಬ್ರೌಸರ್ ಓದುವುದಷ್ಟೇ ಅಲ್ಲ, ಓಡಿಸುತ್ತದೆ. ನೀವೇ ಬರೆದ ಕಡತಕ್ಕೆ ಮಾತ್ರ ಇದು ಯೋಗ್ಯ. ಎರಡು, ಪುಟದಲ್ಲಿ 'ಕಡತ ಆರಿಸಿ' ಎಂಬ ಗುಂಡಿ ಇಟ್ಟು, ಓದುಗರೇ ಕಡತವನ್ನು ತೋರಿಸಿಕೊಡುವಂತೆ ಮಾಡುವುದು. ಅವರು ಆರಿಸಿದ ಕಡತವನ್ನು ಓದಲು ಬ್ರೌಸರ್ ಒಪ್ಪುತ್ತದೆ, ಸರ್ವರ್ ಬೇಡ. ಪ್ರತಿ ತಿಂಗಳು ಹೊಸ ಕಡತ ಬರುವ ನಮ್ಮ ಮಳೆ ಪುಟಕ್ಕೆ ನಾನು ಆರಿಸುವುದು ಇದನ್ನು. ಮೂರು, ಗಣಕದಲ್ಲಿ ಪೈಥಾನ್ ಇದ್ದರೆ ಅದರ ಜೊತೆಗೇ ಬರುವ ಪುಟ್ಟ ಸರ್ವರನ್ನು ಒಂದು ಸಾಲಿನ ಆದೇಶದಿಂದ ಓಡಿಸುವುದು. ಹಿರಿಯ ತರಗತಿಯ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠವೂ ಹೌದು.

ಕನ್ನಡದ ಕಡತಕ್ಕೆ ಇನ್ನೊಂದು ಪರೀಕ್ಷೆ

ಕಡತದಲ್ಲಿ ಊರಿನ ಹೆಸರು, ಷರಾ ಮೊದಲಾದವು ಕನ್ನಡದಲ್ಲಿರುತ್ತವೆ. ಯುನಿಕೋಡ್‌ನಲ್ಲಿ 'ಕನ್ನಡ' ಎಂಬ ಪದಕ್ಕೆ ಐದು ಸಂಕೇತಗಳು: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 15 ಬೈಟ್. ಬರೆಯುವಾಗ ಒಂದು ಕ್ರಮ, ಓದುವಾಗ ಇನ್ನೊಂದು ಕ್ರಮವಾದರೆ ಪರದೆಯ ಮೇಲೆ ಕಸ ಕಾಣುತ್ತದೆ. ಆದರೆ ಕಸಕ್ಕೂ ಭಾಷೆಯಿದೆ; ಅದನ್ನು ಓದಲು ಕಲಿತರೆ ಕಾಯಿಲೆ ಯಾವುದೆಂದು ತಿಳಿಯುತ್ತದೆ.

ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಸಣ್ಣ ಎ ಅಕ್ಷರ ಮತ್ತೆ ಮತ್ತೆ ಕಂಡರೆ, ಕಡತ ಯುಟಿಎಫ್-8ರಲ್ಲಿಯೇ ಇದೆ, ಓದುವ ಪುಟಕ್ಕೆ ಅದು ತಿಳಿದಿಲ್ಲ ಎಂದರ್ಥ. ಪುಟದ ತಲೆಭಾಗದಲ್ಲಿ ಅಕ್ಷರಸಂಕೇತವನ್ನು ಘೋಷಿಸಿದರೆ ಸರಿಹೋಗುತ್ತದೆ. ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಕಡತ ಯುಟಿಎಫ್-8ರಲ್ಲಿ ಇಲ್ಲ. ಮೂಲವನ್ನು ತೆರೆದು ಸರಿಯಾಗಿ ಉಳಿಸಿ. ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅದು ಕೆಟ್ಟ ಸುದ್ದಿ. ಎಕ್ಸೆಲ್‌ನಲ್ಲಿ 'ಸಿಎಸ್‌ವಿ ಯುಟಿಎಫ್-8' ಎಂಬುದರ ಬದಲು ಬರಿಯ 'ಸಿಎಸ್‌ವಿ' ಆರಿಸಿ ಉಳಿಸಿದಾಗ ಹೀಗಾಗುತ್ತದೆ. ಆ ಕಡತದೊಳಗೆ ಕನ್ನಡ ಉಳಿದೇ ಇಲ್ಲ. ಇನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತು ಕಂಡರೆ, ಯುನಿಕೋಡ್‌ಗೆ ಮೊದಲಿನ ಫಾಂಟ್ ಆಧಾರಿತ ಕ್ರಮದಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತ ಅದಾಗಿರಬಹುದು. ಅದನ್ನು ಪರಿವರ್ತಕ ತಂತ್ರಾಂಶದ ಮೂಲಕ ಯುನಿಕೋಡ್‌ಗೆ ತಂದುಕೊಳ್ಳಬೇಕು.

ಈ ವಿಷಯದಲ್ಲಿ ಫೆಚ್ ಮೆಚ್ಚುಗೆಗೆ ಅರ್ಹ. ಪಠ್ಯವನ್ನು ಅದು ಯಾವಾಗಲೂ ಯುಟಿಎಫ್-8 ಎಂದೇ ಓದುತ್ತದೆ, ಊಹೆಯ ಆಟವಿಲ್ಲ. 2017ರ ಜೇಸನ್ ಪ್ರಮಾಣಕವೂ ತಾಣಗಳ ನಡುವೆ ಓಡಾಡುವ ಜೇಸನ್ ಯುಟಿಎಫ್-8ರಲ್ಲಿಯೇ ಇರಬೇಕೆಂದು ವಿಧಿಸಿದೆ. ನಿಯಮ ಒಂದೇ ಇದ್ದರೆ ಕನ್ನಡದಂಥ ಭಾಷೆಗಳಿಗೇ ಹೆಚ್ಚು ಲಾಭ.

ಒಂದು ಚಿಕ್ಕ ಪ್ರಯೋಗ

ಒಟ್ಟಿನಲ್ಲಿ ಹೇಳುವುದಾದರೆ, ದತ್ತಾಂಶವನ್ನು ಪುಟದಿಂದ ಬೇರ್ಪಡಿಸುವ ವಿಚಾರ ಉತ್ತಮವಾದುದು. ಅದನ್ನು ಕಲಿಸುವ ರೀತಿ ಅರ್ಧಂಬರ್ಧ. ಗೆಲುವಿನ ದಾರಿಯನ್ನು ಮಾತ್ರ ತೋರಿಸಿ ಸೋಲಿನ ದಾರಿಯನ್ನು ಕತ್ತಲೆಯಲ್ಲಿ ಬಿಡಲಾಗಿದೆ. ಖಾಲಿಯನ್ನು ಸೊನ್ನೆಯೆಂದು ನುಂಗುವ ಭಾಷೆಯೂ ತಡೆದದ್ದನ್ನು ಮೂಲೆಯಲ್ಲಿ ಪಿಸುಗುಟ್ಟುವ ಬ್ರೌಸರೂ ಸೇರಿ ತಪ್ಪನ್ನು ಮುಚ್ಚಿಡುತ್ತವೆ.

ನೀವು ಶಿಕ್ಷಕರಾಗಿದ್ದರೆ ಮಕ್ಕಳ ಪುಟಗಳನ್ನು ನೋಡುವಾಗ, ವಿದ್ಯಾರ್ಥಿಯಾಗಿದ್ದರೆ ನಿಮ್ಮದೇ ಪುಟವನ್ನು ಒಪ್ಪಿಸುವ ಮೊದಲು, ಈ ಪ್ರಯೋಗ ಮಾಡಿ ನೋಡಿ. ಮೊದಲು ದತ್ತಾಂಶ ಕಡತದ ಹೆಸರನ್ನು ಬದಲಿಸಿ ಪುಟವನ್ನು ತೆರೆಯಿರಿ. 'ಮಳೆಯ ಕಡತ ಸಿಗಲಿಲ್ಲ' ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಕಾಣಬೇಕು. ಹೆಸರನ್ನು ಮೊದಲಿನಂತೆ ಮಾಡಿ, ಒಂದು ದಿನದ ಅಂಕಿಯನ್ನು ಅಳಿಸಿ ತೆರೆಯಿರಿ. ಆ ದಿನದ ಕಂಬದ ಜಾಗದಲ್ಲಿ 'ಅಳತೆ ಇಲ್ಲ' ಎಂದಿರಬೇಕು. ಸರಾಸರಿಯನ್ನು ಭಾಗಿಸಿದ ಸಂಖ್ಯೆಯಲ್ಲಿ ಒಂದು ಕಡಮೆಯಾಗಿರಬೇಕು. ಕೊನೆಗೆ ಒಂದು ಅಂಕಿಯ ಜಾಗದಲ್ಲಿ 'ಹತ್ತು' ಎಂದು ಬರೆದು ತೆರೆಯಿರಿ. ಪುಟ ಅದನ್ನು ಎತ್ತಿ ತೋರಿಸಬೇಕು, ನುಂಗಬಾರದು.

ಈ ಮೂರಕ್ಕೂ ಸೇರಿ ಹೆಚ್ಚೆಂದರೆ ಹತ್ತು ನಿಮಿಷ ಸಾಕು. ಮೂರರಲ್ಲಿಯೂ ಗೆದ್ದ ಪುಟದ ನಕ್ಷೆ ಸಾದಾ ಆಗಿದ್ದರೂ ಚಿಂತೆಯಿಲ್ಲ, ಅದಕ್ಕೆ ಪೂರ್ಣ ಅಂಕ ಕೊಡಿ. ಮಾಪಕ ಉರುಳಿದ ದಿನ ಮನೆಯನ್ನು ಖಾಲಿ ಬಿಟ್ಟ ಆ ಮಕ್ಕಳ ಪ್ರಾಮಾಣಿಕತೆ ಆ ಪುಟದಲ್ಲಿ ಕೊನೆಯವರೆಗೂ ಉಳಿದಿದೆ.